ಹದಿನಾಲ್ಕು ಸಾವಿರ ಕಿಲೋಮೀಟರ್, ಎಷ್ಟು ಗಂಟೆ?

ಚಳಿಗಾಲದ ಒಂದು ದಿನ ಮಧ್ಯಾಹ್ನ ಎರಡೂವರೆಗೆ ದೇವನಹಳ್ಳಿಯಿಂದ ಹೊರಟ ವಿಮಾನ ಎಲ್ಲೂ ಇಳಿಯದೆ ಹದಿನಾರು ಗಂಟೆ ಹಾರಿದರೆ, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ತಾರೀಖು ಸಂಜೆ ಐದಕ್ಕೆ. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಬರುವಾಗ ಉಲ್ಟಾ. ಶನಿವಾರ ರಾತ್ರಿ ಅಲ್ಲಿ ವಿಮಾನ ಹತ್ತಿದವರು ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಸೋಮವಾರದ ಬೆಳಗಿನ ಜಾವ. ಭಾನುವಾರ ಪೂರ್ತಿ ಆಕಾಶದಲ್ಲೇ ಮುಗಿದುಹೋಗಿರುತ್ತದೆ. ಎರಡು ಊರುಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ ಮೇಲೆ, ನವೆಂಬರ್‌ವರೆಗೆ ಅದು ಹನ್ನೆರಡೂವರೆ ಗಂಟೆ.

ಈ ದಾರಿಯ ಲೆಕ್ಕ ಗೊತ್ತಿರಬೇಕಾದವರು ಕರ್ನಾಟಕದಲ್ಲಿ ಬಹಳ ಮಂದಿ ಇದ್ದಾರೆ. ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಎಂಬ ಹೆಸರುಗಳು ನಮ್ಮ ಎಷ್ಟೋ ಮನೆಗಳಲ್ಲಿ ತುಮಕೂರು, ಹಾಸನಗಳಷ್ಟೇ ಬಳಕೆಯಾಗಿವೆ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಮೊಮ್ಮಗನ ಉಪನಯನಕ್ಕೆ ಹೊರಟ ತಾತ ಕೇಳುವ ಮೊದಲ ಪ್ರಶ್ನೆ ‘ಎಷ್ಟ್ ಹೊತ್ತು ಕೂರ್ಬೇಕಪ್ಪಾ?’ ಎಂಬುದು. ಕಿಲೋಮೀಟರ್ ಯಾರೂ ಕೇಳುವುದಿಲ್ಲ. ಅವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಏಕೆಂದರೆ ಎರಡು ಊರುಗಳ ನಡುವಿನ ದೂರ ಯಾವತ್ತೂ ಒಂದೇ; ಅದನ್ನು ದಾಟಲು ಹಿಡಿಯುವ ಹೊತ್ತು ಮಾತ್ರ ದಿನದಿನಕ್ಕೆ ಬೇರೆಯಾಗುತ್ತದೆ. ಅದನ್ನು ಬದಲಾಯಿಸುವವರಲ್ಲಿ ಗಾಳಿ ಒಂದು, ಸರ್ಕಾರಗಳು ಇನ್ನೊಂದು.

ಮೊದಲು ದೂರದ ಮಾತು. ಫೋನಿನಲ್ಲಿ ಹುಡುಕಿದರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ದೂರ ಸುಮಾರು 13,990 ಕಿ.ಮೀ. ಎಂದು ಬರುತ್ತದೆ. ಇದನ್ನು ಯಾರೂ ಹಾರಿ ಅಳೆದದ್ದಲ್ಲ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಎಣಿಸಿ, ಆ ಗೋಳದ ಮೈಮೇಲೆ ಅವೆರಡರ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದವನ್ನು ಲೆಕ್ಕ ಹಾಕುತ್ತಾರೆ. ಭೂಗೋಳದ ಪಾಠದಲ್ಲಿ ಓದಿದ ಮಹಾವೃತ್ತದ ಒಂದು ತುಂಡು ಅದು. ಈ ಎರಡು ಊರುಗಳ ನಡುವೆ ಆ ತುಂಡು ಭೂಮಿಯ ಕೇಂದ್ರದಲ್ಲಿ ಸುಮಾರು 126 ಡಿಗ್ರಿ ಕೋನ ಮಾಡುತ್ತದೆ. ಒಂದೊಂದು ಡಿಗ್ರಿಗೆ 111 ಕಿ.ಮೀ. ಚಿಲ್ಲರೆಯಂತೆ ಗುಣಿಸಿದರೆ ಹದಿನಾಲ್ಕು ಸಾವಿರದ ಹತ್ತಿರ ಬಂದು ನಿಲ್ಲುತ್ತದೆ.

ಗೋಡೆಯ ಮೇಲಿನ ಭೂಪಟ ನೋಡಿದವರು ಈ ಗೆರೆ ಬಂಗಾಳ ಕೊಲ್ಲಿ, ಜಪಾನ್, ಪೆಸಿಫಿಕ್ ಎಂದು ನೇರ ಪೂರ್ವಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಮಕ್ಕಳ ಮೇಜಿನ ಮೇಲಿನ ಗ್ಲೋಬು ಮತ್ತು ಒಂದು ದಾರದ ತುಂಡು ತೆಗೆದುಕೊಂಡರೆ ನಿಜ ಗೊತ್ತಾಗುತ್ತದೆ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಕರಾವಳಿಗೆ ಎಳೆದು ಬಿಗಿ ಮಾಡಿ. ಜಪಾನಿನ ಮೇಲೆ ಇಟ್ಟ ದಾರ ಅಲ್ಲಿ ನಿಲ್ಲದೆ ಜಾರುತ್ತ ಮೇಲಕ್ಕೆ ಹೋಗುತ್ತದೆ. ಪೂರ್ತಿ ಬಿಗಿಯಾದಾಗ ಅದು ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೆ ಹೊರಟು, ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ಯಾಕೂಟಿಯಾ ಮೇಲೆ ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹಿಮಸಮುದ್ರದ ಅಂಚನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಮೇಲೆ ಕೆಳಗಿಳಿಯುತ್ತದೆ. ಬೆಂಗಳೂರಿನ ರೇಖಾಂಶ ಪೂರ್ವ 77.7 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೊದ್ದು ಪಶ್ಚಿಮ 122.4. ಎರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಆದ್ದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವುದಕ್ಕಿಂತ ಮೇಲಕ್ಕೆ ಹೋಗಿ ಆಚೆ ಇಳಿಯುವುದೇ ಹತ್ತಿರ. ನೇರವಾಗಿ ಉತ್ತರ ಧ್ರುವದ ನೆತ್ತಿಯ ಮೇಲೇ ಹಾದುಹೋದರೂ ದೂರ ಹೆಚ್ಚುವುದು ನಾನ್ನೂರು ಕಿ.ಮೀ.ಗಿಂತ ಕಡಿಮೆ; ಅರ್ಧ ಗಂಟೆಯ ಹಾರಾಟವೂ ಅಲ್ಲ.

2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಹಿಡಿದದ್ದು ಇದೇ ಧ್ರುವದ ದಾರಿಯನ್ನು. ಅದು ಆ ನಗರದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಸುಮಾರು ಹದಿನೇಳು ಗಂಟೆ ಹಾರಿ ಸೋಮವಾರ ನಸುಕಿನಲ್ಲಿ ಅವರು ದೇವನಹಳ್ಳಿಯಲ್ಲಿ ಬೋಯಿಂಗ್ 777 ಇಳಿಸಿದರು. ಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಸಮಭಾಜಕದ ಮೇಲೆ ನೆಲೆನಿಂತ ಸಂವಹನ ಉಪಗ್ರಹಗಳು ಅಷ್ಟು ಮೇಲಿನ ಅಕ್ಷಾಂಶಕ್ಕೆ ಕಾಣುವುದಿಲ್ಲ, ಹಳೆಯ ಕಾಲದ ರೇಡಿಯೊವನ್ನೇ ನೆಚ್ಚಬೇಕು. ಇಂಧನದ ಚಿಂತೆ ಬೇರೆ. ಅಮೆರಿಕದಲ್ಲಿ ತುಂಬಿಸುವ ವಿಮಾನ ಇಂಧನ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟಲು ತೊಡಗುತ್ತದೆ, ಹೊರಗಿನ ಗಾಳಿಯೋ ಮೈನಸ್ 60ರ ಆಸುಪಾಸು. ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ಪೈಲಟ್‌ಗಳು ಗಮನಿಸುತ್ತಲೇ ಇರುತ್ತಾರೆ. ತೀರಾ ಇಳಿದರೆ ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ.

ಗ್ಲೋಬಿನ ದಾರ ಟಿಬೆಟ್ ಮೇಲೆ ಹೋಯಿತಲ್ಲ, ವಿಮಾನಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಕಾರಣ ನಮ್ಮ ತಲೆಯ ಮೇಲೆ ಮಡಚಿಟ್ಟಿರುವ ಹಳದಿ ಮಾಸ್ಕ್‌ನಲ್ಲಿದೆ. ಕ್ಯಾಬಿನ್‌ನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಮಾಸ್ಕ್ ಕೆಳಗೆ ಬೀಳುತ್ತದೆ, ಸರಿ. ಅದರಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ನಿಮಿಷ ಮಾತ್ರ. ಅಷ್ಟರೊಳಗೆ ವಿಮಾನ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ! ಇಳಿಯಲು ಜಾಗವೇ ಇಲ್ಲ. ಹೆಚ್ಚಿನ ಆಮ್ಲಜನಕ ಹೊತ್ತ, ಅದಕ್ಕೆಂದೇ ಸಜ್ಜಾದ ವಿಮಾನಗಳು ಮಾತ್ರ ಆ ಕಡೆ ಹೋಗುತ್ತವೆ. ಉಳಿದವು ಹಿಮಾಲಯದ ಪೂರ್ವಕ್ಕೋ ಪಶ್ಚಿಮಕ್ಕೋ ಬಳಸಿಕೊಂಡು ಹೋಗುತ್ತವೆ. ಹೀಗೆ ಮೊದಲ ಮೂರು ಗಂಟೆಯೊಳಗೇ ಫೋನಿನ 13,990 ಸುಳ್ಳಾಗಿರುತ್ತದೆ.

ಇನ್ನು ಗಾಳಿ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೊಡ್ಡ ಜೆಟ್ ವಿಮಾನವೊಂದು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದರೆ ಸುತ್ತಲಿನ ಗಾಳಿಗೆ ಹೋಲಿಸಿ ಅಷ್ಟು ವೇಗ ಎಂದರ್ಥ. ಆ ಗಾಳಿಯೇ ಚಲಿಸುತ್ತಿದ್ದರೆ ಅದು ವಿಮಾನವನ್ನೂ ಹೊತ್ತುಕೊಂಡು ಹೋಗುತ್ತದೆ. ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ಸಾಗುವಂತೆ. ಹದಿನಾಲ್ಕು ಸಾವಿರ ಕಿ.ಮೀ.ಯನ್ನು 900ರ ವೇಗದಲ್ಲಿ ಹೋದರೆ ಹದಿನೈದೂವರೆ ಗಂಟೆ. ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕೇ ಗಂಟೆ. ಅದೇ ಗಾಳಿ ಮುಖಕ್ಕಿದ್ದರೆ ಹದಿನೇಳೂವರೆ. ಅದೇ ದೂರ, ಅದೇ ವಿಮಾನ, ಗಾಳಿಯ ದಿಕ್ಕೊಂದೇ ಬೇರೆ. ವ್ಯತ್ಯಾಸ ಮೂರೂವರೆ ಗಂಟೆ.

ನೂರು ಕಿ.ಮೀ. ಅಂಥ ದೊಡ್ಡ ಗಾಳಿಯೂ ಅಲ್ಲ. ನೆಲದಿಂದ ಒಂಬತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುವ ಗಾಳಿಯ ಪ್ರವಾಹಗಳಿವೆ. ಇವೇ ಜೆಟ್ ಸ್ಟ್ರೀಮ್. ಉತ್ತರದ ಕೊರೆಯುವ ತಂಪಿಗೂ ಉಷ್ಣವಲಯದ ಬಿಸಿಗೂ ನಡುವಿನ ಅಂತರದಿಂದ, ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಈ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಜಪಾನ್ ಮೇಲೆ ಇದು ವಿಶೇಷವಾಗಿ ಬಿರುಸು. ಅದನ್ನು ಮೊದಲು ಕಂಡವರೂ ಅಲ್ಲಿಯವರೇ. ವಾಸಾಬುರೊ ಓಇಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ತತೆನೊ ಎಂಬಲ್ಲಿನ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಹಾದಿ ಹಿಡಿದು ಅಳೆದರು. ಮೇಲೆ ಹೋದಂತೆ ಬಲೂನು ಪೂರ್ವಕ್ಕೆ ಓಡುತ್ತಿತ್ತು. ಜಗತ್ತೆಲ್ಲ ಓದಲಿ ಎಂದು 1926ರಲ್ಲಿ ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಜಪಾನಿನಾಚೆ ಅದನ್ನು ಓದಿದವರು ಬಹಳ ಕಡಿಮೆ. 1944ರ ಕೊನೆಯಲ್ಲಿ ಟೋಕಿಯೊ ಮೇಲೆ ಬಾಂಬ್ ಹಾಕಲು ಎತ್ತರದಲ್ಲಿ ಬಂದ ಅಮೆರಿಕದ ಬಿ-29 ವಿಮಾನಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗಲೇ ಅವರಿಗೆ ಅದರ ಬಲ ಅರ್ಥವಾದದ್ದು.

ಇಂದು ಆ ಗಾಳಿಯನ್ನು ಹುಡುಕಿಕೊಂಡು ಹೋಗುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ದಾರಿಗೆ ತಿರುಗಿಸಿತು. ಹೊಸ ದಾರಿಯ ಉದ್ದ ಸುಮಾರು 15,300 ಕಿ.ಮೀ. ಹಳೆಯದಕ್ಕಿಂತ ಹತ್ತಿರಹತ್ತಿರ 1,400 ಕಿ.ಮೀ. ಹೆಚ್ಚು. ಆದರೂ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಬೇಗ. ದೂರದ ದಾರಿಯೇ ಬೇಗನೆ ಮುಟ್ಟಿಸುವ ದಾರಿಯಾಯಿತು. ಹೋಗುವಾಗ ಪೆಸಿಫಿಕ್, ಬರುವಾಗ ಅಟ್ಲಾಂಟಿಕ್ ಎಂದು ಎರಡೂ ಸಲ ಪೂರ್ವಕ್ಕೇ ಹಾರಿದರೆ ಗಾಳಿ ಎರಡೂ ಸಲ ಬೆನ್ನಿಗಿರುತ್ತದೆ, ಮನೆಗೆ ಮರಳುವಷ್ಟರಲ್ಲಿ ಭೂಮಿಗೇ ಒಂದು ಸುತ್ತು ಬಂದಾಗಿರುತ್ತದೆ. ಅಟ್ಲಾಂಟಿಕ್ ಮೇಲೆ ಯುರೋಪ್–ಅಮೆರಿಕ ವಿಮಾನಗಳು ಹಿಡಿಯುವ ದಾರಿಗಳನ್ನಂತೂ ಗಾಳಿ ನೋಡಿಕೊಂಡು ದಿನಕ್ಕೆ ಎರಡು ಸಲ ಹೊಸದಾಗಿ ಗುರುತಿಸುತ್ತಾರೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯೊಂದು ಬೆನ್ನಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಹೋಯಿತು. ಸಾಮಾನ್ಯವಾಗಿ ಆ ದಾರಿಗೆ ಆರು ಗಂಟೆಯ ಮೇಲೆ ಬೇಕು.

ಗಾಳಿಯ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಗಡಿಗಳ ವಿಷಯ ಹಾಗಲ್ಲ. ಆಕಾಶಕ್ಕೂ ಬೇಲಿ ಇದೆ. ಪ್ರತಿ ದೇಶದ ಮೇಲಿನ ಆಕಾಶ ಆ ದೇಶದ್ದೇ ಎಂದು 1944ರ ಷಿಕಾಗೊ ಒಪ್ಪಂದ ಹೇಳುತ್ತದೆ. ಬೆಂಗಳೂರಿನ ಗ್ಲೋಬ್ ದಾರ ಅತಿ ಹೆಚ್ಚು ಹೊತ್ತು ಹಾಯುವುದು ರಷ್ಯಾದ ಮೇಲೆ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಫೆಬ್ರುವರಿ ಕೊನೆ, ಮಾರ್ಚ್ ಮೊದಲ ದಿನಗಳಲ್ಲಿ ಯುರೋಪ್, ಕೆನಡಾ, ಅಮೆರಿಕಗಳು ರಷ್ಯಾದ ವಿಮಾನಗಳಿಗೆ ಬಾಗಿಲು ಮುಚ್ಚಿದವು, ರಷ್ಯಾ ಅವರಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು-ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್ಏರ್ ವಿಮಾನ ಉತ್ತರ ಧ್ರುವವನ್ನು ಬಳಸಿ ಹದಿಮೂರು ಗಂಟೆ ಹಾರತೊಡಗಿತು. ನಮಗೂ ಬಿಸಿ ತಟ್ಟಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಬಿಡುವುದಾಗಿ 2020ರಲ್ಲೇ ಸಾರಿದ್ದವು. ಮೊದಲು ಕೋವಿಡ್‌ನಿಂದ ಮುಂದಕ್ಕೆ ಹೋದವು. ಆಮೇಲೆ ರಷ್ಯಾದ ಆಕಾಶ ಮುಚ್ಚಿಕೊಂಡಿತು. ಎರಡೂ ಶುರುವಾಗಲೇ ಇಲ್ಲ.

ಭಾರತದ ವಿಮಾನಗಳಿಗೆ ರಷ್ಯಾ ತೆರೆದೇ ಇತ್ತು. ಆ ಅನುಕೂಲಕ್ಕೂ ಇನ್ನೊಂದು ಮುಖ ಇತ್ತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾದ 777 ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನಕ್ಕೆ ಹೋಟೆಲ್ ಸಾಲದ ಊರು. ಹಾಸ್ಟೆಲ್‌ಗಳಲ್ಲಿ, ಶಾಲೆಯ ಕಟ್ಟಡದಲ್ಲಿ ಚಾಪೆ-ಹಾಸಿಗೆ ಹಾಕಿ ಮಲಗಿಸಿದರು. ಭಾಷೆ ಬಾರದು, ಅಮೆರಿಕದ ಕಾರ್ಡು ಅಲ್ಲಿ ನಡೆಯದು. ಮುಂಬೈಯಿಂದ ಬದಲಿ ವಿಮಾನ ಹೋಗಿ ಅವರನ್ನು ಕರೆದುಕೊಂಡು ಹೋಗುವವರೆಗೆ, ಹದಿನಾರು ಗಂಟೆಯ ಪ್ರಯಾಣ ದಿನಗಟ್ಟಲೆಯಾಯಿತು. ಅಷ್ಟು ದೂರದ ಉತ್ತರದಲ್ಲಿ ಆಪತ್ತಿಗೆ ಇಳಿಯಬಹುದಾದ ನಿಲ್ದಾಣಗಳೇ ವಿರಳ. ಎರಡು ಎಂಜಿನ್‌ನ ವಿಮಾನ ಯಾವ ಗಳಿಗೆಯಲ್ಲೂ, ಒಂದು ಎಂಜಿನ್ ನಿಂತರೂ ನಿಗದಿತ ನಿಮಿಷಗಳೊಳಗೆ ಇಂಥದ್ದೊಂದು ನಿಲ್ದಾಣ ಮುಟ್ಟುವಂತಿರಬೇಕು ಎಂಬುದು ನಿಯಮ. ಆ ನಿಯಮವೂ ದಾರಿಯನ್ನು ಬಗ್ಗಿಸುತ್ತದೆ.

ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ 2019ರ ಫೆಬ್ರುವರಿಯಿಂದ ಜುಲೈವರೆಗೆ ಮುಚ್ಚಿತ್ತು, 2025ರ ಏಪ್ರಿಲ್ 24ರಂದು ಮತ್ತೆ ಮುಚ್ಚಿತು. ಪಶ್ಚಿಮಕ್ಕೆ ಹೋಗುವ ದೆಹಲಿಯ ವಿಮಾನಗಳು ಅರಬ್ಬಿ ಸಮುದ್ರದ ಕಡೆಗೆ ಇಳಿದು, ಒಮಾನ್ ಬದಿಯಿಂದ ಸುತ್ತಬೇಕಾಯಿತು. ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋದವು. ಸರ್ಕಾರಗಳಿಗೆ ಅವುಗಳದೇ ಕಾರಣಗಳಿರುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸುತ್ತಿನ ಬೆಲೆ ತೆರುವವರು ಎಪ್ಪತ್ತು ದಾಟಿದ, ಮಂಡಿನೋವಿನ, ಸಕ್ಕರೆ ಕಾಯಿಲೆಯ, ವೀಲ್‌ಚೇರ್ ಕೇಳಿ ಪಡೆದುಕೊಂಡ ಹಿರಿಯರು. ನೇರ ವಿಮಾನ ಅವರಿಗೆ ಐಷಾರಾಮವಲ್ಲ. ಭಾಷೆ ಬಾರದ ಫ್ರಾಂಕ್‌ಫರ್ಟಿನಲ್ಲೋ ದೋಹಾದಲ್ಲೋ ನಡುರಾತ್ರಿ ಇಳಿದು, ಟರ್ಮಿನಲ್ ಹುಡುಕಿ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲದೆ ಇರುವುದು ಅವರ ಪಾಲಿಗೆ ಐದಾರು ಗಂಟೆಗಿಂತ ದೊಡ್ಡ ಉಳಿತಾಯ.

ಇಂಧನದ ಲೆಕ್ಕವನ್ನೂ ಚುಟುಕಾಗಿ ಹೇಳಬೇಕು. 777-200ಎಲ್ಆರ್ ವಿಮಾನಕ್ಕೆ ಸುಮಾರು 1,81,000 ಲೀಟರ್ ಇಂಧನ ಹಿಡಿಯುತ್ತದೆ. ಅದರಲ್ಲಿ ಒಂದು ಪಾಲು ಖರ್ಚಾಗುವುದು ಉಳಿದ ಇಂಧನವನ್ನು ಹೊರುವುದಕ್ಕೇ. ಬೆಂಗಳೂರಿನ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ; ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೆ ಬಲ ಕಡಿಮೆ. ನಾಲ್ಕು ಕಿ.ಮೀ. ಉದ್ದದ ರನ್‌ವೇ ಇದ್ದರೂ, ಅಷ್ಟು ಭಾರ ಹೊತ್ತು ಮೇಲೇಳಲು ಚೆನ್ನೈನಂಥ ಸಮುದ್ರತೀರದ ಊರಿಗಿಂತ ಇಲ್ಲಿ ಕಷ್ಟ. ಆಗ ಸರಕನ್ನೋ ಕೆಲವು ಸೀಟುಗಳನ್ನೋ ಬಿಟ್ಟು ಹೋಗಬೇಕಾಗುತ್ತದೆ. ಇಂಧನ ಸಾಲದೆ ನಡುನಡುವೆ ಇಳಿಯುವುದು ಒಂದು ಕಾಲಕ್ಕೆ ಮಾಮೂಲಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ತಂದರು. ಅದನ್ನು ಅಲ್ಲಿಂದ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರು ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ಹತ್ತಿರದ ಊರುಗಳಿಗೆ ಬಂದರೆ ಲೆಕ್ಕವೇ ಬೇರೆ. ದೇವನಹಳ್ಳಿಯಿಂದ ಮಂಗಳೂರಿನ ಬಜ್ಪೆಗೆ ಆಕಾಶದಲ್ಲಿ ಸುಮಾರು 305 ಕಿ.ಮೀ. ಜೆಟ್ ವೇಗಕ್ಕೆ ಇಪ್ಪತ್ತು ನಿಮಿಷದ ದಾರಿ. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಬರೆದಿರುತ್ತದೆ. ಏಕೆಂದರೆ ವಿಮಾನ ತನ್ನ ಪೂರ್ತಿ ವೇಗಕ್ಕೆ ಬರುವುದು ಮೇಲೇರಿದ ಮೇಲೆ. ಇಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಟಿಕೆಟ್‌ನ ಸಮಯ ಶುರುವಾಗುವುದೂ ಹಾರಿದಾಗ ಅಲ್ಲ, ವಿಮಾನ ಗೇಟ್ ಬಿಟ್ಟು ಹಿಂದೆ ಸರಿದಾಗ. ಮುಗಿಯುವುದು ಆಚೆಯ ಗೇಟಿನಲ್ಲಿ ನಿಂತಾಗ. ರನ್‌ವೇವರೆಗೆ ತೆವಳುವುದು, ಸರತಿಯಲ್ಲಿ ನಿಲ್ಲುವುದು, ಇಳಿಯುವ ಮೊದಲು ಮೇಲೆ ಸುತ್ತು ಹೊಡೆಯುವುದು, ಎಲ್ಲವೂ ಅದರೊಳಗೇ. ನಿಗದಿತ ಸಮಯ ಮೀರಿ ಹದಿನೈದು ನಿಮಿಷದೊಳಗೆ ಬಂದರೂ ‘ಸರಿಯಾದ ಸಮಯ’ ಎಂದು ಲೆಕ್ಕ. ಆ ಲೆಕ್ಕ ಕೆಡಬಾರದೆಂದು ಕಂಪನಿಗಳು ವೇಳಾಪಟ್ಟಿಯಲ್ಲೇ ನಿಮಿಷಗಳನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಳ್ಳುತ್ತವೆ. ‘ಅರ್ಧ ಗಂಟೆ ಮೊದಲೇ ತಲುಪಿದ್ದೇವೆ’ ಎಂಬ ಪ್ರಕಟಣೆ ಕೇಳಿ ಹಿಗ್ಗುವಾಗ ಇದು ನೆನಪಿರಲಿ.

ಜಯನಗರದವರಿಗೆ ಮಂಗಳೂರಿನ ಪ್ರಯಾಣದಲ್ಲಿ ಅತಿ ಉದ್ದದ ಭಾಗ ಹೆಬ್ಬಾಳ ಫ್ಲೈಓವರ್ ದಾಟುವುದು. ನಗರದೊಳಗಿದ್ದ ಎಚ್ಎಎಲ್ ನಿಲ್ದಾಣದಿಂದ 2008ರ ಮೇ ತಿಂಗಳಲ್ಲಿ ವಿಮಾನಗಳು ದೇವನಹಳ್ಳಿಗೆ ಹೋದಾಗ, ಬೆಂಗಳೂರಿನಿಂದ ಎಲ್ಲ ಊರುಗಳೂ ಒಂದೊಂದೂವರೆ ಗಂಟೆ ದೂರ ಸರಿದವು ಎಂದೇ ಹೇಳಬೇಕು. ವಾಯುವಜ್ರ ಬಸ್ಸಿನಲ್ಲಿ ಎರಡು ಗಂಟೆ, ಬೋರ್ಡಿಂಗ್‌ಗೆ ಮುಂಚಿನ ಕಾಯುವಿಕೆ, ಹಾರಾಟ, ಬಜ್ಪೆಯಿಂದ ಮನೆ, ಎಲ್ಲ ಕೂಡಿಸಿದರೆ ಐದು ಗಂಟೆ. ಶಿರಾಡಿ ಘಾಟಿ ಸರಿಯಿದ್ದರೆ ಕಾರಿನಲ್ಲಿ ಏಳೆಂಟು ಗಂಟೆ. ಉಳಿಯುವುದು ಎರಡು-ಮೂರು ಗಂಟೆ ಅಷ್ಟೇ. ಮಳೆಗಾಲದಲ್ಲಿ ಘಾಟಿ ಕುಸಿದಾಗ ಮಾತ್ರ ವಿಮಾನಕ್ಕೆ ಸಾಟಿಯಿಲ್ಲ.

ಅಪ್ಪ-ಅಮ್ಮನಿಗೆ ಟಿಕೆಟ್ ತೆಗೆಯುವವರು ಹಾಗಾಗಿ ದರದ ಜೊತೆಗೆ ಎರಡು ಮೂರು ಸಂಗತಿ ನೋಡಬೇಕು. ಹಾರಾಟದ ಒಟ್ಟು ಹೊತ್ತನ್ನು ಎರಡೂ ಊರಿನ ಗಡಿಯಾರಗಳಿಂದ ಕಳೆದು ನೋಡಬೇಡಿ, ಬುಕಿಂಗ್ ಪುಟದಲ್ಲಿ ಬೇರೆಯಾಗಿ ಕೊಟ್ಟಿರುವ ಗಂಟೆಗಳನ್ನೇ ಓದಿ. ವಿಮಾನ ಬದಲಿಸಬೇಕಿದ್ದರೆ ನಡುವಿನ ಊರಿನಲ್ಲಿ ಕನಿಷ್ಠ ಮೂರು ಗಂಟೆ ಬಿಡುವಿರಲಿ. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ ಮೊದಲ ವಿಮಾನವನ್ನು ತಡಮಾಡುವುದು ಸಾಮಾನ್ಯ. ಕರೆತರಲು ಹೋಗುವವರು ಟಿಕೆಟ್‌ನ ಸಮಯ ಬಿಟ್ಟು, ವಿಮಾನದ ನಂಬರ್ ಹಾಕಿ ಆ ದಿನ ಅದು ನಿಜಕ್ಕೂ ಎಲ್ಲಿದೆ ಎಂದು ಫೋನಿನಲ್ಲಿ ನೋಡಿಕೊಳ್ಳಲಿ. ಇಳಿದ ಮೇಲೂ ಇಮಿಗ್ರೇಷನ್ ಸಾಲು, ಲಗೇಜ್ ಬೆಲ್ಟು, ಉಪ್ಪಿನಕಾಯಿ ಡಬ್ಬಿಯ ಬಗ್ಗೆ ಕಸ್ಟಮ್ಸ್‌ನವರ ವಿಚಾರಣೆ ಎಂದು ಒಂದೂವರೆ ಗಂಟೆ ಬೇಕೇ ಬೇಕು.